ಮಗಳು ಮರಳಿ ಬರುವ ಪ್ರತಿ

ಒಂದೇ ಸಿನಿಮಾವನ್ನು ಎರಡು ಮೂರು ರೂಪದಲ್ಲಿ ನೋಡುವ ಚಟ ನನಗಿದೆ. ಚಿತ್ರಮಂದಿರಕ್ಕೆ ಬಂದದ್ದು, ನಿರ್ದೇಶಕ ಮೊದಲು ಜೋಡಿಸಿದ್ದು, ಟೀವಿಯವರು ಕತ್ತರಿಸಿದ್ದು, ಎಲ್ಲವೂ ಬೇಕು. ಎಲ್ಲಿ ಎಷ್ಟು ನಿಮಿಷ ಹೋಯಿತೆಂದು ಊಟದ ಹೊತ್ತಿಗೆ ಹೇಳತೊಡಗಿದರೆ ಹೆಂಡತಿ ತಟ್ಟೆ ಹಿಡಿದು ಬಾಲ್ಕನಿಗೆ ಹೋಗುತ್ತಾಳೆ. ಸಿನಿಮಾ ಆಗುವ ವೈಜ್ಞಾನಿಕ ಕಾದಂಬರಿಗಳಿಗೇ ಈ ಕತ್ತರಿ ಹೆಚ್ಚು. ಲೇಖಕರು ಭೂಮಿಯನ್ನೇ ಮುಗಿಸಿಬಿಡುತ್ತಾರೆ. ನಿರ್ಮಾಪಕರಿಗೆ ಮುಂದಿನ ಶುಕ್ರವಾರವೂ ಟಿಕೆಟ್ ಮಾರಬೇಕಾಗಿರುತ್ತದೆ.

ಪುಣೆಯ ಯೆರವಡಾದ ನಮ್ಮ ಕಟ್ಟಡದಲ್ಲೇ ಅಂಥ ಒಬ್ಬ ಲೇಖಕರಿದ್ದಾರೆ, ಧಾರವಾಡ ಕಡೆಯ ಕುಲಕರ್ಣಿ ಮಾಸ್ತರರು. ಅವರ ಕಾದಂಬರಿಯಲ್ಲಿ ಮಂಗಳ ಗ್ರಹಕ್ಕೆ ಹೋದ ಮಗಳ ನೌಕೆ ತಿರುಗಿ ಬರುವುದಿಲ್ಲ. ತಂದೆ ರೇಡಿಯೊ ಮುಂದೆ ಕೂತು ಕರೆಯುತ್ತಲೇ ಇರುತ್ತಾನೆ. ಅದು ಮರಾಠಿ ಸಿನಿಮಾ ಆದಾಗ, ನಿರ್ಮಾಪಕರ ಒತ್ತಾಯಕ್ಕೆ ನಿರ್ದೇಶಕರು ಆಗಲೇ ಚಿತ್ರೀಕರಿಸಿದ್ದ ಆ ಕೊನೆಯನ್ನು ತೆಗೆದುಹಾಕಿ ಮಗಳನ್ನು ಕ್ಷೇಮವಾಗಿ ಇಳಿಸಿದರು. ಮಾಸ್ತರರು ಮೂವತ್ತು ವರ್ಷ ಆ ನಿರ್ದೇಶಕರೊಡನೆ ಮಾತಾಡಲಿಲ್ಲ. ನಾನೂ ಮಾಸ್ತರರ ಪಕ್ಷವೇ.

ಹೋದ ವರ್ಷ ಮಾಸ್ತರರ ಒಬ್ಬಳೇ ಮಗಳು ಕಾಯಿಲೆಯಿಂದ ತೀರಿಕೊಂಡಳು. ಅವರು ಬರೆಯುವುದು ಬಿಟ್ಟರು, ಹೊರಗೆ ಬರುವುದೂ ಬಿಟ್ಟರು. ಅವರಿಗಾಗಿ ಏನಾದರೂ ಮಾಡಬೇಕೆಂದು ನಾನು ಆ ಸಿನಿಮಾಕ್ಕೆ ಕತ್ತರಿ ಬೀಳುವ ಮೊದಲಿನ ಪ್ರತಿಯನ್ನು ತಿಂಗಳುಗಟ್ಟಲೆ ಹುಡುಕಿದೆ. ಫಿಲ್ಮ್ ಕ್ಲಬ್ಬಿನಲ್ಲಿ ಪ್ರದರ್ಶನ ಇಡಿಸಿ, ಬಲವಂತ ಮಾಡಿ ಕರೆದೊಯ್ದೆ.

ತೆರೆಯ ಮೇಲೆ ತಂದೆ ಮಗಳನ್ನು ಹೆಸರು ಹಿಡಿದು ಕರೆಯತೊಡಗಿದ. ರೇಡಿಯೊದಲ್ಲಿ ಬರೀ ಗೊರಗೊರ. ಮಾಸ್ತರರು ನನ್ನ ಮಣಿಕಟ್ಟು ಹಿಡಿದರು.

“ನಡೀರಿ, ಮನೀಗೆ ಹೋಗೋಣ. ಇದನ್ನ ಬರದಾಗ ನನಗ ಏನೂ ಗೊತ್ತಿರಲಿಲ್ರಿ.”

ರಿಕ್ಷಾ ಹಿಡಿದು ಅವರನ್ನು ಮನೆಗೆ ಕರೆತಂದೆ. ಅಷ್ಟು ತಿಂಗಳು ಹುಡುಕುವಾಗ ಅವರ ಮಗಳನ್ನು ನಾನು ಒಮ್ಮೆಯೂ ನೆನೆದಿರಲಿಲ್ಲ.

ವಾರ ಕಳೆದ ಮೇಲೆ ಅವರೇ ಹೇಳಿ ಕಳಿಸಿದರು; ಇನ್ನೊಂದು ಪ್ರತಿ ತರಬೇಕಂತೆ, ಅವರು ಇಷ್ಟು ವರ್ಷ ಬೈದದ್ದು. ಮಧ್ಯಾಹ್ನ ಅವರ ಮನೆಯಲ್ಲಿ ಕೂತು ನೋಡಿದೆವು. ನೌಕೆಯ ಬಾಗಿಲು ತೆರೆದು ಮಗಳು ಇಳಿದಳು, ಹಸಿವಾಗಿದೆ ಎಂದಳು. ಮಾಸ್ತರರು ಅಷ್ಟನ್ನೇ ಮತ್ತೆ ಹಾಕಿಸಿದರು. ಇನ್ನೊಮ್ಮೆ ಹಾಕಿಸಿದರು.

“ಸುಳ್ಳು ಅದ, ಖರೆ,” ಎಂದರು ಕಣ್ಣೊರೆಸಿಕೊಂಡು. “ಆದ್ರ ಭಾಳ ಚಂದ ತೆಗದಾನ್ರಿ.”

ಮರುದಿನ, ಈಗ ಪುಣೆ ಹತ್ತಿರದ ಶಿರೂರಿನಲ್ಲಿರುವ ಆ ನಿರ್ದೇಶಕರಿಗೆ ನನ್ನಿಂದ ಫೋನ್ ಹಚ್ಚಿಸಿಕೊಂಡು, ಇದನ್ನೇ ಮರಾಠಿಯಲ್ಲಿ ಹೇಳಿದರು. ಆ ಕಡೆಯ ಮುದುಕರು ಮತ್ತೊಮ್ಮೆ ಹೇಳಿ ಎಂದರು. ಮಾಸ್ತರರು ಇನ್ನೊಮ್ಮೆ ಹೇಳಿದರು.

ಯಾವ ಪ್ರತಿ ನೋಡಬೇಕು ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಮೊದಲಿನಂತೆ ಭಾಷಣ ಶುರು ಮಾಡುವುದಿಲ್ಲ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ ಎಂದು ಮೊದಲು ವಿಚಾರಿಸುತ್ತೇನೆ.