ಮೈಗೆ ಹತ್ತದ ಮುದ್ದೆ

ಈರಮ್ಮ ಮೇಡಂ ಜೀವಕೋಶಗಳಿಗೆ ಉಣಿಸದೆ ತಾವು ಬುತ್ತಿ ಬಿಚ್ಚುತ್ತಿರಲಿಲ್ಲ. ಚಿತ್ರದುರ್ಗದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವರು ಮನುಷ್ಯನ ಕರುಳಿನ ಕೋಶಗಳನ್ನು ಬೆಳೆಸುತ್ತಿದ್ದರು. ಹಳೆಯ ದ್ರವ ತೆಗೆದು, ಹೊಸದು ತುಂಬಿ, ಅವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ಹಾಕುವ ಮುಂಚೆ ಮೆಲ್ಲಗೆ ಕೇಳುವರು: “ಉಂಡ್ಯೇನಪ್ಪ?”

ಅವರ ಕೈಕೆಳಗೆ ಸೇರಿದ ಹೊಸದರಲ್ಲಿ ನನಗೆ ನಗು. “ಯಾರನ್ನ ಮೇಡಂ ಕೇಳೋದು?” ಎಂದೆ.

“ಇವುಗಳ ಯಜಮಾನನ್ನ. ಕರುಳಿನ ಕ್ಯಾನ್ಸರ್ ಆಗಿತ್ತಂತೆ, ಯಾವ್ದೋ ದೂರದ ದೇಶದಾಗೆ. ಅವನು ಹೋಗಿ ಎಷ್ಟು ಕಾಲ ಆತೋ, ಅವನ ಕರುಳು ಇನ್ನೂ ಉಣ್ತಾ ಐತೆ ನೋಡಮ್ಮ.”

ಆಮೇಲೆ ಆ ಬಾಗಿಲು ತೆಗೆಯುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಹಿರಿಯರ ಹಬ್ಬದಲ್ಲಂತೂ ಮೇಡಂ ಮನೆಯಿಂದ ಎಡೆ ತಂದು ಲ್ಯಾಬಿನ ಹೊರಗೆ, ಕಾಂಪೌಂಡಿನ ಮೇಲೆ ಅವನಿಗೂ ಇಡುತ್ತಿದ್ದರು.

ತೆಳುವಾದ ಪೊರೆಯ ಮೇಲೆ ಕೋಶಗಳು ಒತ್ತೊತ್ತಾಗಿ ಹಾಸಿಕೊಂಡ ಮೇಲೆ, ಹೊಟ್ಟೆಯಲ್ಲಿ ಅರಗುವ ಹಾಗೆಯೇ ಅರಗಿಸಿದ ರಾಗಿಮುದ್ದೆಯ ತಿಳಿಯನ್ನು ಮೇಲಿನಿಂದ ಬಿಡುತ್ತಿದ್ದೆವು. ಅದರ ಕಬ್ಬಿಣದಂಶ ಕೋಶಗಳನ್ನು ದಾಟಿ ಕೆಳಗಿನ ಬಟ್ಟಲಿಗೆ ಎಷ್ಟು ಇಳಿಯಿತೆಂದು ಅಳೆಯುವುದು ನಮ್ಮ ಕೆಲಸ. ಇಳಿಯುತ್ತಿದ್ದುದು ತೀರಾ ಕಡಿಮೆ.

ಅವರದು ಮದಕರಿಪುರದ ಕುರಿ ಸಾಕುವ ಮನೆ. ತಂಗಿ ಮಂಜಿ ಹೊಟ್ಟೆ ತುಂಬ ಮುದ್ದೆ ಉಂಡೂ ಬಿಳಿಚಿಕೊಂಡು, ಚೊಚ್ಚಲ ಹೆರಿಗೆಯಲ್ಲಿ ರಕ್ತ ಸಾಲದೆ ತೀರಿಕೊಂಡಿದ್ದಳು.

“ಉಂಡಿದ್ದು ಮೈಗೆ ಹತ್ತಲಿಲ್ಲ ಅಂದ್ರು ಎಲ್ರೂ. ನಮ್ಮವ್ವ ಮಾತ್ರ, ನಾನೇ ಸರ್ಯಾಗಿ ಇಕ್ಕಲಿಲ್ಲೇನೋ ಅಂತ ಇವತ್ತಿಗೂ ಕೊರಗ್ತಾಳೆ. ಯಾಕೆ ಹತ್ತಲಿಲ್ಲ ಅಂತ ಅವ್ವ ಇರೋದ್ರೊಳಗೆ ಹೇಳ್ಬೇಕು ಕಣಮ್ಮ.”

ಒಂದು ದಿನ ಮುದ್ದೆಯ ತಿಳಿಗೆ ನಿಂಬೆರಸ ಬೆರೆಸಿದೆವು. ಕೆಳಗಿನ ಬಟ್ಟಲಿನಲ್ಲಿ ಕಬ್ಬಿಣ ಏರಿತ್ತು. ನಾನು ಕುಣಿದಾಡುವಂತಾದೆ. ಮೇಡಂ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. “ಇನ್ನೊಮ್ಮೆ ನೋಡಾಣ” ಎಂದರು. ಮತ್ತೆ ಮಾಡಿದಾಗಲೂ ಅದೇ ಫಲ, ಅದೇ ಮಾತು. ಅವ್ವನಿಗೆ ಹೇಳುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಎದೆನೋವೆಂದು ಆಸ್ಪತ್ರೆಗೆ ಹೋದ ಮೇಡಂ ಮರಳಲಿಲ್ಲ. ನನಗೆ ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಆ ಮಾತನ್ನು ನಾನೇ ಮುಟ್ಟಿಸೋಣವೆಂದು ಮದಕರಿಪುರಕ್ಕೆ ಹೋದೆ. ಅವ್ವ ಕುರಿಹಟ್ಟಿಯ ಪಕ್ಕ ಕೂತಿದ್ದರು. ಅವರ ಬೆನ್ನಿಗೆ ಒಂದು ನಿಂಬೆಗಿಡ, ಬುಡದ ತುಂಬ ಉದುರಿದ ಹಣ್ಣು.

ನಾನು ನೋಡುತ್ತಿದ್ದುದನ್ನು ಕಂಡು, “ನಮ್ಮ ಮಂಜಿ ಸಣ್ಣೋಳಿದ್ದಾಗ ಹಾಕಿದ್ ಗಿಡ ಅದು. ನಮ್ಮನೇಲಿ ಹುಳಿ ಯಾರೂ ಮುಟ್ಟಲ್ಲ, ಹಿಂಗೇ ಕೊಳೀತವೆ. ತಗಂಡೋಗವ್ವ” ಎಂದು ಒಂದು ಹಣ್ಣನ್ನು ಕೈಗಿಟ್ಟರು.

ಮೇಡಂ ಯಾಕೆ ಹೇಳಲಿಲ್ಲವೆಂದು ಆಗ ತಿಳಿಯಿತು. ಮಂಜಿಯ ಮುದ್ದೆಗೆ ಹಿಂಡಬೇಕಿದ್ದ ಹುಳಿ ಈ ಅಂಗಳದಲ್ಲೇ ಇತ್ತು.

“ನೀವು ಸರಿಯಾಗೇ ಇಕ್ಕಿದ್ರಿ ಅಜ್ಜಿ. ರಾಗೀಲಿರೋ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತಲ್ಲ. ಮೇಡಂ ಕಂಡುಕೊಂಡಿದ್ರು” ಎಂದೆ. ನಿಂಬೆಯ ಮಾತೆತ್ತಲಿಲ್ಲ.

ಅವ್ವ ಕೇಳಿದರು: “ಹಂಗಾದ್ರೆ ನಮ್ಮ ಈರಿ ನನಗ್ಯಾಕೆ ಹೇಳ್ಲಿಲ್ಲ?”

ಕೈಯಲ್ಲಿದ್ದ ಹಣ್ಣನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

“ಇನ್ನೊಮ್ಮೆ ನೋಡಾಣ ಅಂತಿದ್ರು, ಅಜ್ಜಿ.”