ಅನಘಾ ಮುಖ ತಿರುಗಿಸುತ್ತಾಳೋ ಎಂದು ನೋಡಲು ಹೋದದ್ದು

ಶನಿವಾರ ಬೆಳಿಗ್ಗೆ ನಾನಿರುವ ಹೇಸ್ ಉಪನಗರದಿಂದ ಹೊರಟಾಗ ನನ್ನ ಚೀಲದಲ್ಲಿ ಛತ್ರಿ, ನೋವಿನ ಮಾತ್ರೆ, ಎರಡು ಬಗೆಯ ಬ್ಯಾಂಡೇಜು, ಡಬ್ಬಿ ತುಂಬ ಹಚ್ಚಿದ ಅವಲಕ್ಕಿ ಇದ್ದವು. ಆಡಬೇಕಾದವಳು ಅನಘಾ, ಸಿದ್ಧತೆಯೆಲ್ಲ ನನ್ನದು. ಅವಳು ನನ್ನ ಧಾರವಾಡದ ಗೆಳೆಯ ವಿನಾಯಕನ ಮಗಳು, ಹೈಸ್ಕೂಲಿನ ಬೇಸ್‌ಬಾಲ್ ತಂಡದ ಕ್ಯಾಚರ್. ಬ್ಯಾಟು ಹಿಡಿದವರ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ, ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ಅಂದು ಅವಳನ್ನು ನೋಡಲು ಒಂದು ಅಕಾಡೆಮಿಯಿಂದ ಆಯ್ಕೆಗಾರ್ತಿ ಬರುವವರಿದ್ದರು. ಇಲ್ಲೇ ಡಾಕ್ಟರಾಗಿರುವ ವಿನಾಯಕನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಹಿಂದಿನ ದಿನ ಫೋನು ಮಾಡಿದ್ದ.

"ಹೋದ ತಿಂಗಳ ಚೆಂಡು ಪುಟದು ಕುತ್ತಿಗಿಗೆ ಬಡೀತು. ಅವತ್ತಿಂದ ಮುಖ ತಿರುಗಸ್ತಾಳ. ಹಂಗ ಮಾಡಿದ್ರ ಅವರು ತೊಗೊಳ್ಳೂದಿಲ್ಲ. ನೀ ಹೋಗಿ ನೋಡಲೇ, ನಿನಗ ಅನುಭವ ಅದ."

ಅನುಭವವೆಂದರೆ, ಕಾಲೇಜಿನಲ್ಲಿ ಅವನು ಬೌಲರ್, ನಾನು ಕೀಪರ್. ಕೆಂಪು ಮಣ್ಣಿನ ಮೇಲೆ ಮ್ಯಾಟ್ ಹಾಸಿ ಆಡುತ್ತಿದ್ದೆವು. ಸಂಜೆ ಗಿರ್ಮಿಟ್ ತಿನ್ನುವಾಗಲೂ ಉಗುರುಸಂದಿಯಲ್ಲಿ ಆ ಮಣ್ಣು. ಒಂದು ದಿನ ಅವನ ಚೆಂಡು ಮ್ಯಾಟಿನ ಮಡಿಕೆಗೆ ಬಿದ್ದು ಎದ್ದು ನನ್ನ ಮುಂದಿನ ಹಲ್ಲು ಮುರಿಯಿತು. ಆಮೇಲೆ ನಾನು ಬೌಂಡರಿಗೆ ಹೋದೆ, ಅಲ್ಲಿಂದ ಸ್ಕೋರು ಬರೆಯುವ ಮೇಜಿಗೆ. ಮೇಜಿಗೆ ನೆರಳಿತ್ತು, ಚಹಾ ಬರುತ್ತಿತ್ತು.

ಎಲಿಜಬೆತ್ ಲೈನಿನ ರೈಲಿನಲ್ಲಿ ಪ್ಯಾಡಿಂಗ್ಟನ್, ಅಲ್ಲಿಂದ ಟ್ಯೂಬ್ ಎಂಬ ಸುರಂಗ ರೈಲಿನಲ್ಲಿ ಕೆಂಟನ್. ಅನಘಾ ತನ್ನಷ್ಟೇ ಉದ್ದದ ಚೀಲ ಹೊತ್ತು ಸ್ಟೇಷನ್ನಿನ ಹೊರಗೆ ನಿಂತಿದ್ದಳು. ಕಿಂಗ್ಸ್‌ಬರಿಗೆ ಬಸ್ಸು, ನನಗೆ ಒಂದೂ ಮುಕ್ಕಾಲು ಪೌಂಡು, ಅವಳಿಗೆ ಪುಕ್ಕಟೆ. ಮೇಲಂತಸ್ತಿನ ಮುಂದಿನ ಸೀಟು ಹಿಡಿದೆವು. ಗಾಜಿಗೆ ತುಂತುರು ಹೊಡೆಯುತ್ತಿತ್ತು.

"ಕಾಕಾ, ಹಲ್ಲು ಹೋದ್ಮೇಲೆ, ಡಿಡ್ ಯು ಗೋ ಬ್ಯಾಕ್?"

"ಇಲ್ಲವಾ. ಸ್ಕೋರ್ ಬರಿಯಾಕ ಕುಂತೆ."

"ಸೋ ಯು ಕ್ವಿಟ್," ಎಂದು ಡಬ್ಬಿ ಕಸಿದುಕೊಂಡಳು. ಅವಲಕ್ಕಿ ಅರ್ಧ ಖಾಲಿಯಾಯಿತು. ನನಗೆ ಮಾತ್ರ ಹಸಿವಿರಲಿಲ್ಲ.

ಮೈದಾನದಲ್ಲಿ ಗಾಳಿ ಕೊರೆಯುತ್ತಿತ್ತು. ಅನಘಾಳ ಹಿಂದಿನ ತಂತಿಬಲೆಯ ಆಚೆ ನಿಂತೆ. ಅತ್ತಿತ್ತ ಸರಿದರೆ ಎದುರಿನಿಂದ ಚೆಂಡೆಸೆಯುವವರಿಗೆ ತೊಂದರೆಯೆಂದು ಓವರ್ ಮುಗಿಯುವುದನ್ನೇ ಕಾದೆ. ಕಾಲು ಜೋಮು ಹಿಡಿದ ಮೇಲೆ, ಈ ಆಟದಲ್ಲಿ ಓವರುಗಳೇ ಇಲ್ಲವೆಂದು ಪಕ್ಕದಲ್ಲಿದ್ದ ಆಯ್ಕೆಗಾರ್ತಿ ತಿಳಿಸಿದರು. ಕೈಯಲ್ಲಿ ಸ್ಟಾಪ್‌ವಾಚು. "ನೀವು ಅವಳ ಕೋಚ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಸ್ಕೋರರ್," ಎಂದೆ.

ಕೊನೆಗೆ ಆ ಚೆಂಡು ಬಂತು. ಎದುರಾಳಿಯೊಬ್ಬ ಕೊನೆಯ ನಿಲುಗಡೆಯಾದ ಮೂರನೆಯ ಬೇಸ್‌ನಲ್ಲಿ ಓಡಲು ಸಜ್ಜಾಗಿದ್ದ. ಚೆಂಡು ಅನಘಾಳನ್ನು ದಾಟಿದರೆ ಅವರಿಗೆ ರನ್ನು. ಎಸೆದವನ ಕೈ ಜಾರಿತು. ಚೆಂಡು ಅವಳ ಮುಂದೆಯೇ ನೆಲಕ್ಕೆ ಬಡಿದು ಎದ್ದಿತು. ಧಪ್ ಎಂಬ ಸದ್ದು ಕೇಳಿಸಿತು. ಕೇಳಿಸಿದ್ದಷ್ಟೇ, ಆ ಗಳಿಗೆಯಲ್ಲಿ ನಾನು ಪಕ್ಕದ ಮರ ನೋಡುತ್ತಿದ್ದೆ. ಮುಖ ತನ್ನಷ್ಟಕ್ಕೆ ಅತ್ತ ಹೊರಳಿತ್ತು.

ಓರೆಗಣ್ಣಲ್ಲಿ ಇತ್ತ ನೋಡಿದಾಗ ಅವಳು ಎರಡೂ ಮೊಣಕಾಲೂರಿದ್ದಳು, ಚೆಂಡು ಎದೆಗೆ ಬಡಿದು ಮುಂದೆಯೇ ಬಿದ್ದಿತ್ತು, ಓಟಗಾರ ಹೊರಟ ಜಾಗದಲ್ಲೇ ಇದ್ದ. ಅನಘಾ ಮುಖದ ಜಾಲರಿ ಎತ್ತಿ ಹಿಂದೆ ನೋಡಿದಳು, ಇನ್ನೂ ಮರದ ಕಡೆಗೇ ಹೊರಳಿದ್ದ ನನ್ನ ಮುಖವನ್ನು.

ಆಟ ಮುಗಿದ ಮೇಲೆ ಆಯ್ಕೆಗಾರ್ತಿ, "ಎಸೆತ ಇನ್ನೂ ನಿಧಾನ. ಅದನ್ನು ನಾವು ಕಲಿಸಿಕೊಳ್ಳುತ್ತೇವೆ. ಬೇಸಿಗೆಗೆ ಬರಲಿ," ಎಂದರು.

ಬಸ್ಸಿನಲ್ಲಿ ವಿನಾಯಕನ ಫೋನು ಬಂತು.

"ಏನಂದ್ರಲೇ?"

"ತೊಗೊಂಡ್ರೋ!"

"ಮುಖ ತಿರುಗಸಲಿಲ್ಲ? ನೀನ ನೋಡಿದ್ಯಾ?"

ನಾನು ತಡವರಿಸುವಷ್ಟರಲ್ಲಿ ಅನಘಾ ಫೋನಿಗೆ ಬಾಗಿದಳು. "ಪಪ್ಪಾ, ನಾನಲ್ಲ, ಕಾಕಾ ತಿರುಗಿಸಿದ್ರು!"

ಆ ಕಡೆಯಿಂದ ನಗು. ಹಲ್ಲು ಹೋದ ದಿನ ಕರವಸ್ತ್ರ ಒದ್ದೆ ಮಾಡಿ ನನ್ನ ಬಾಯಿಗೆ ಒತ್ತುತ್ತಾ, ಗಾಬರಿಯಲ್ಲೂ ತಡೆಯಲಾರದೆ ನಕ್ಕಿದ್ದನಲ್ಲ, ಅದೇ ನಗು. ಬಸ್ಸು ತಿರುವಿನಲ್ಲಿ ಹೊರಳಿತು. ಹಿಂದೆ ಮೈದಾನ ಮನೆಗಳ ಮರೆಗೆ ಸರಿಯುತ್ತಿತ್ತು. ನಾಲಿಗೆ ತಾನಾಗಿ ಮುಂದಿನ ಕಟ್ಟಿಸಿದ ಹಲ್ಲನ್ನು ಮುಟ್ಟಿ ನೋಡಿತು.