ಚಪ್ಪಲಿ ಬಚ್ಚಿಟ್ಟ ಆಯಮ್ಮನ ವಿಚಾರಣೆ

ಶಿಶುವಿಹಾರದ ಆಯಮ್ಮನಿಗೆ ಹದಿನೆಂಟು ವರ್ಷಗಳಿಂದ ಒಂದೇ ಒಂದು ಹೆಮ್ಮೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಸಾಲಾಗಿ ಕೂರುವ ಇಪ್ಪತ್ತೆರಡು ಜೊತೆ ಚಪ್ಪಲಿಗಳಲ್ಲಿ ಯಾವುದು ಯಾರದೆಂದು ಅವಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಬಾರು ಸಡಿಲವಾದದ್ದು ಯಾರದು, ಅಣ್ಣನ ಕಾಲಿನಿಂದ ತಮ್ಮನ ಕಾಲಿಗೆ ಇಳಿದದ್ದು ಯಾರದು, ಎಲ್ಲ ಬಾಯಿಪಾಠ. ಮಧ್ಯಾಹ್ನ ಮನೆಗೆ ಹೊರಡುವ ಹೊತ್ತಿಗೆ ಪ್ರತಿ ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎಡಬಲ ಅದಲುಬದಲಾಗಿದ್ದರೆ ಸರಿಪಡಿಸಿ, ಬಾರಿನೊಳಗೆ ಬೆರಳು ತೂರಿಸಿ ಬಿಗಿ ನೋಡಿ, ಹಿಮ್ಮಡಿಗೆ ಮೆಲ್ಲಗೆ ಒಂದು ತಟ್ಟು ತಟ್ಟಿ ಕಳಿಸುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಮಗುವೂ ಬೇರೆಯವರ ಚಪ್ಪಲಿಯಲ್ಲಿ ಮನೆ ಸೇರಿದ್ದಿಲ್ಲ. ಖಜಾನೆ ಕಾಯುವವರಿಗೂ ಇಷ್ಟು ನಿಗಾ ಇರಲಾರದು, ಬಿಡಿ.

ಅಂಥವಳು ಚಪ್ಪಲಿ ಕಳ್ಳಿ ಅನ್ನಿಸಿಕೊಂಡದ್ದು ನಾಟಕದ ಹುಚ್ಚಿನಿಂದ.

ಊರಿನ ಟೈಲರ್ ಮಗಳು ಫೋನಿನಲ್ಲೇ ಕಿರುನಾಟಕದ ಸರಣಿ ತೆಗೆಯುತ್ತಿದ್ದಳು. ವಾರಕ್ಕೊಂದು ಕಂತು, ಹತ್ತು ನಿಮಿಷ, ಪಾತ್ರಧಾರಿಗಳೆಲ್ಲ ಊರವರೇ. ಊರಿಗೆ ಊರೇ ಅವಳನ್ನು ಡೈರೆಕ್ಟ್ರು ಎಂದು ಕರೆಯುತ್ತಿತ್ತು, ಹೆತ್ತ ಅಪ್ಪನೂ ಸೇರಿದಂತೆ. ಪ್ರತಿ ಕಂತಿನ ಕೊನೆಗೆ ತಪ್ಪು ಮಾಡಿದವರನ್ನು ನೀರಿನ ಟ್ಯಾಂಕಿನ ಕೆಳಗೆ ನಿಲ್ಲಿಸಿ, ಜನ ಸುತ್ತುಗಟ್ಟಿ ಪ್ರಶ್ನೆ ಕೇಳಿ, ಶಿಕ್ಷೆ ವಿಧಿಸಲೇಬೇಕು. ಎಲ್ಲರೂ ನೋಡುತ್ತಿದ್ದದ್ದೇ ಆ ನ್ಯಾಯಕ್ಕಾಗಿ. ಮನೆಯಲ್ಲಿ ಕೆಮ್ಮಲೂ ಹೆದರುವ ಗಂಡಸರು ಟ್ಯಾಂಕಿನ ಕೆಳಗೆ ಗುಡುಗುತ್ತಿದ್ದರು.

ಏಳನೆಯ ಕಂತಿನಲ್ಲಿ ಆಯಮ್ಮ ಮಲತಾಯಿ. ಮಗಳು ಶಾಲೆಗೆ ಹೋಗಬಾರದೆಂದು ಅವಳ ಚಪ್ಪಲಿಗಳನ್ನು ಹಿಟ್ಟಿನ ಡಬ್ಬದೊಳಗೆ ಹೂತು, ಮುಚ್ಚಳ ಒತ್ತಿ, ಕ್ಯಾಮೆರಾ ಕಡೆ ತಿರುಗಿ ನಕ್ಕಳು ನೋಡಿ, ಆ ನಗು ಕಂಡ ಮೇಲೆ ಅವಳ ಗಂಡ ಬಡಗಿ ಎರಡು ದಿನ ಚಹಾ ಮೂಸಿ ನೋಡಿ ಕುಡಿದ.

ಡೈರೆಕ್ಟ್ರು ಎಡವಿದ್ದು ಇಲ್ಲೇ. ನೋಡುವವರು ಕುತೂಹಲದಿಂದ ಕಾಯಲಿ ಎಂದು ನ್ಯಾಯದ ಭಾಗವನ್ನು ಮುಂದಿನ ವಾರಕ್ಕೆ ಹಾಕಿದಳು. ಅಷ್ಟರೊಳಗೆ ಫೋನು ಬಟ್ಟೆ ನೆನೆಸಿದ ಬಕೆಟಿಗೆ ಬಿತ್ತು, ರಿಪೇರಿಗೆ ಹೋದದ್ದು ಅಲ್ಲೇ ಕೂತಿತು. ದೊಡ್ಡವರು ಮರೆತರು. ಮಕ್ಕಳು ಮರೆಯಲಿಲ್ಲ. ಅವರ ಪಾಲಿಗೆ ಊರಿನಲ್ಲಿ ಒಬ್ಬಳು ಅಪರಾಧಿ ಶಿಕ್ಷೆಯಿಲ್ಲದೆ ಓಡಾಡಿಕೊಂಡಿದ್ದಳು, ಅದೂ ತಮ್ಮ ಚಪ್ಪಲಿಗಳ ಪಕ್ಕದಲ್ಲೇ.

ಸೋಮವಾರ ಒಬ್ಬರೂ ಚಪ್ಪಲಿ ಬಿಡಲಿಲ್ಲ. ಕೆಲವರು ಎದೆಗವಚಿಕೊಂಡು ಒಳಗೆ ಬಂದರು, ಒಬ್ಬ ಅಂಗಿಯೊಳಗೆ ತುರುಕಿಕೊಂಡು ಹೊಟ್ಟೆ ಮುಂದೆ ಮಾಡಿಕೊಂಡು ಬಂದ. ಇವರಿಗೆಲ್ಲ ಮುಂದಾಳು ಮೆಣಸು. ನಾಲ್ಕು ವರ್ಷದ ಹುಡುಗಿ, ಬಾಯಿಯ ಖಾರ ತಾಳಲಾರದೆ ಅಜ್ಜಿ ಇಟ್ಟ ಹೆಸರು ಅದು. ಅದೆಲ್ಲ ನಾಟಕ ಎಂದು ಆಯಮ್ಮ ಎಷ್ಟು ರಮಿಸಿದರೂ ಮೆಣಸಿನದು ಒಂದೇ ಪಟ್ಟು: ಬಚ್ಚಿಟ್ಟದ್ದನ್ನು ತಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ಯಾವ ವಕೀಲ ತಾನೆ ಏನು ಹೇಳಿಯಾನು?

ಎರಡನೆಯ ವಾರಕ್ಕೆ ಮಕ್ಕಳು ಬರುವುದನ್ನೇ ಬಿಡತೊಡಗಿದರು. ಇಪ್ಪತ್ತೆರಡು ಹನ್ನೆರಡಾಯಿತು, ಹನ್ನೆರಡು ಒಂಬತ್ತಾಯಿತು. ಟೀಚರಮ್ಮ ನೆಲ ನೋಡುತ್ತ ವಿಷಯ ತೆಗೆದರು. ತಿಂಗಳ ಕೊನೆಗೆ ಮೇಲಿನವರು ನೋಡಲು ಬರುತ್ತಾರೆ. ಅಷ್ಟರೊಳಗೆ ಮಕ್ಕಳು ಬರದಿದ್ದರೆ ಆಯಮ್ಮನನ್ನು ಕಚೇರಿಯ ಕಸ ಗುಡಿಸಲು ಹಾಕುತ್ತಾರೆ. ಸಂಬಳಕ್ಕೇನೂ ಕುತ್ತಿಲ್ಲ. ಆದರೆ ಕಚೇರಿಯಲ್ಲಿ ಮಕ್ಕಳಿರುವುದಿಲ್ಲವಲ್ಲ. ಆ ದಿನ ಆಯಮ್ಮ ಖಾಲಿ ಹಲಗೆಯನ್ನು ಮೂರು ಸಲ ಒರೆಸಿದಳು, ಮೂರು ಸಲವೂ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ನೇರ ಟೈಲರ್ ಮನೆಗೆ ನಡೆದಳು.

"ನನ್ನ ಕೇಸು ಮುಗಿಸಮ್ಮ," ಎಂದಳು.

"ಫೋನೇ ಬಂದಿಲ್ವಲ್ಲ ಆಯಮ್ಮ. ಕ್ಯಾಮೆರಾ ಇಲ್ದೆ ಯಾರಾದ್ರೂ ನಾಟಕ ಮಾಡ್ತಾರಾ?"

"ನಂಗೆ ಕ್ಯಾಮೆರಾ ಬೇಡ ಕಣೆ. ಶಿಕ್ಷೆ ಬೇಕು."

ಶನಿವಾರ ಬೆಳಿಗ್ಗೆ ಶಿಶುವಿಹಾರ ತೆರೆಯುವ ಮೊದಲು ವಿಚಾರಣೆ ಎಂದು ಮನೆಮನೆಗೆ ಸುದ್ದಿ ಹೋಯಿತು. ಇಪ್ಪತ್ತೆರಡು ಮಕ್ಕಳೂ ಬಂದರು. ದೊಡ್ಡವರು ತಮಾಷೆ ನೋಡಲು ಬಂದರು. ಹಿಟ್ಟಿನ ಡಬ್ಬ ತಬ್ಬಿಕೊಂಡು ಆಯಮ್ಮ ಟ್ಯಾಂಕಿನ ಕೆಳಗೆ ನಿಂತಳು. ಎದುರಿಗೆ ಮಲಮಗಳ ಪಾತ್ರದ ಹುಡುಗಿ, ಡೈರೆಕ್ಟ್ರ ತಂಗಿ, ಬರಿಗಾಲಿನಲ್ಲಿ. ಇಸ್ತ್ರಿ ಅಂಗಡಿಯವನು ಅಭ್ಯಾಸಬಲದಿಂದ ತೋಳೇರಿಸಿ, ಇಂಥ ಹೆಂಗಸರಿಂದಲೇ ಲೋಕ ಕೆಟ್ಟಿತು ಎಂದು ಗುಡುಗಲು ಶುರುಮಾಡಿದ. ಅವನ ಕಾಲುಗಳ ನಡುವಿನಿಂದ ನುಸುಳಿ ಮೆಣಸು ಮುಂದೆ ಬಂದು ನಿಂತಳು. ಇಸ್ತ್ರಿಯವನು ತಣ್ಣಗಾದ.

"ಯಾಕೆ ಬಚ್ಚಿಟ್ಟೆ?"

ಆಯಮ್ಮನಿಗೆ ಡೈರೆಕ್ಟ್ರು ಬರೆದುಕೊಟ್ಟ ಉದ್ದನೆಯ ಉತ್ತರವಿತ್ತು. ಆ ಪುಟ್ಟ ಮುಖದ ಮುಂದೆ ಅದರ ಒಂದಕ್ಷರವೂ ನೆನಪಾಗಲಿಲ್ಲ. ನಾನಲ್ಲ ಕಂದಾ, ಅದು ನಾಟಕ ಎಂಬ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ಅದನ್ನೂ ನುಂಗಿಕೊಂಡಳು.

"ತಪ್ಪಾಯ್ತು ಕಂದಾ. ಇನ್ಯಾವತ್ತೂ ಮಾಡಲ್ಲ."

ಡಬ್ಬದಿಂದ ಚಪ್ಪಲಿಗಳನ್ನು ತೆಗೆದು, ಹಿಟ್ಟು ಊದಿ, ಕುಕ್ಕರುಗಾಲಿನಲ್ಲಿ ಕೂತು ಆ ಹುಡುಗಿಗೆ ತೊಡಿಸಿದಳು. ಬಾರಿನೊಳಗೆ ಬೆರಳು ತೂರಿಸಿ ನೋಡಿದಳು. ಹಿಮ್ಮಡಿಗೆ ತಟ್ಟಿದಳು. ಆ ತಟ್ಟು ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಅವರೆಲ್ಲ ಗುಂಪುಕಟ್ಟಿ ಗುಸುಗುಸು ಮಾತಾಡಿಕೊಂಡರು, ಮೆಣಸು ತೀರ್ಪು ತಂದಳು.

"ನೀನೂ ಬರಿಗಾಲಲ್ಲಿ ನಡಿ. ಸ್ಕೂಲ್ ತನಕ."

ಆಯಮ್ಮ ಚಪ್ಪಲಿ ಕಳಚಿದಳು. ಮೆಣಸು ಅವನ್ನೆತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಜಲ್ಲಿ ಹಾಸಿದ ದಾರಿ, ಐವತ್ತೆರಡು ವರ್ಷದ ಕಾಲು. ಆಯಮ್ಮ ಹೆಜ್ಜೆಗೊಮ್ಮೆ ಅಯ್ಯಪ್ಪಾ ಎನ್ನುತ್ತಿದ್ದರೆ ಹಿಂದೆ ಬರುತ್ತಿದ್ದ ಮೆರವಣಿಗೆ ಕೇಕೆ ಹಾಕಿ ನಗುತ್ತಿತ್ತು. ಅರ್ಧ ದಾರಿಯಲ್ಲಿ ಮೆಣಸಿಗೆ ಏನನ್ನಿಸಿತೋ, ಚುಚ್ಚುತ್ತಿದೆಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಯಮ್ಮನ ಬೆರಳು ಹಿಡಿದುಕೊಂಡಳು. ಆಮೇಲೆ ಜಲ್ಲಿ ಚುಚ್ಚಲಿಲ್ಲ ಎಂದರೆ ಸುಳ್ಳಾದೀತು, ಆದರೆ ಆಯಮ್ಮ ಅಯ್ಯಪ್ಪಾ ಎನ್ನುವುದನ್ನು ಮರೆತಳು. ಬಾಗಿಲು ತಲುಪಿದಾಗ ಹಲಗೆಯ ಮೇಲೆ ಇಪ್ಪತ್ತೆರಡು ಜೊತೆ ಸಾಲಾಗಿ ಕೂತವು, ಕೊನೆಯಲ್ಲಿ ದೊಡ್ಡದೊಂದು ಜೊತೆ.

ಮುಂದಿನ ವಾರ ಫೋನು ಬಂದಾಗ ಡೈರೆಕ್ಟ್ರು ಅದನ್ನೆಲ್ಲ ಇನ್ನೊಮ್ಮೆ ಮಾಡಿಸಲು ಗೋಗರೆದಳು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಎಲ್ಲಿಯ ನ್ಯಾಯ ಎಂದು ಆಯಮ್ಮ ಬಾಗಿಲಲ್ಲೇ ವಾಪಸ್ಸು ಕಳಿಸಿದಳು. ಅದು ಆಮೇಲಿನ ಮಾತು.

ಆ ಶನಿವಾರ ಮಧ್ಯಾಹ್ನ ಎಲ್ಲರಿಗೂ ತೊಡಿಸಿ ಮುಗಿಸಿ ತನ್ನ ಚಪ್ಪಲಿಗೆ ಕೈ ಚಾಚಿದರೆ ಮೆಣಸು ಬಿಡಲಿಲ್ಲ, ಮೆಟ್ಟಿಲ ಮೇಲೆ ಕೂರಿಸಿದಳು. ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎಡದ್ದನ್ನು ಬಲಗಾಲಿಗೂ ಬಲದ್ದನ್ನು ಎಡಗಾಲಿಗೂ ತೊಡಿಸಿ, ಬಾರಿನೊಳಗೆ ಬೆರಳು ತೂರಿಸಿ ನೋಡಿ, ಎರಡೂ ಹಿಮ್ಮಡಿಗೆ ತಟ್ಟಿದಳು. ಆಯಮ್ಮ ಹಾಗೆಯೇ ಎದ್ದು ಹೊರಟಳು. ಮೆಣಸಿನ ಮನೆಯ ತಿರುವು ದಾಟಿದ ಮೇಲೂ ಅವನ್ನು ಸರಿ ಮಾಡಿಕೊಳ್ಳದೆ, ಮನೆಯವರೆಗೂ ನಡೆದಳು.